2032ರ ಕಲ್ಲು

2025ರ ಫೆಬ್ರುವರಿಯಲ್ಲಿ ನಮ್ಮ ಓಣ್ಯಾಗ ಒಂದೇ ಸುದ್ದಿ: 2032ಕ್ಕ ಆಕಾಶದಿಂದ ಕಲ್ಲು ಬೀಳ್ತದಂತ. ಪಕ್ಕದ ಮನಿ ಆಯಿ ನನ್ನನ್ನು ಕೇಳಿದರು, "ತಮ್ಮಾ, ಹಂಗಾದ್ರ ಮನಿ ಕಟ್ಟಲೋ ಬ್ಯಾಡೋ?"

ಕಲ್ಲು ಇರೋದು ಖರೆ. ಹೆಸರು 2024 ವೈಆರ್4, ಅಗಲ ಸುಮಾರು 60 ಮೀಟರ್. 2024ರ ಡಿಸೆಂಬರ್ 27ರಂದು ಚಿಲಿ ದೇಶದ ದೂರದರ್ಶಕಕ್ಕೆ ಕಂಡಿತು. ಅಷ್ಟೊತ್ತಿಗೆ ಅದು ನಮ್ಮ ಪಕ್ಕದಿಂದ ಹಾದು ಎರಡು ದಿನ ಆಗಿತ್ತು! ಸೂರ್ಯನನ್ನು ಒಂದು ಸುತ್ತು ಹಾಕಲು ಅದಕ್ಕೆ ಸುಮಾರು ನಾಲ್ಕು ವರ್ಷ ಬೇಕು. ದಾರಿ ಉದ್ದನೆಯದು, ಭೂಮಿಯ ಕಕ್ಷೆಯ ಒಳಗೆ ಬಂದು, ಮಂಗಳನನ್ನೂ ದಾಟಿ ಗುರುವಿನ ಕಡೆ ಹೋಗುತ್ತದೆ. ವಿಜ್ಞಾನಿಗಳು ಆಗ ಅಳೆದದ್ದು ಅದರ ಸಣ್ಣ ತುಣುಕನ್ನು ಮಾತ್ರ.

ಅಪ್ಪಳಿಸುವ ಸಾಧ್ಯತೆ ಜನವರಿ ಕೊನೆಗೆ ಶೇ. 1 ಇತ್ತು, ಫೆಬ್ರುವರಿ 18ಕ್ಕೆ ಶೇ. 3.1. ಏರಿತಲ್ಲ, ಯಾಕೆ? ನಮ್ಮ ಹುಡುಗರ ಕ್ರಿಕೆಟ್ ನೆನಸ್ರಿ. ಚೆಂಡು ಮ್ಯಾಲ ಹೋದಾಗ ಹತ್ತು ಮನಿಯೊಳಗ ಯಾವುದರ ಮ್ಯಾಲಾದರೂ ಬೀಳಬಹುದು ಅನಸ್ತದ. ಇನ್ನಷ್ಟು ನೋಡಿದರ ಮೂರೇ ಮನಿ ಉಳಿತಾವ, ಅದರಾಗ ನಿಮ್ಮದೂ ಒಂದು. ಅಂಜಿಕಿ ಹೆಚ್ಚಾತು. ಆದರ ಚೆಂಡು ತನ್ನ ದಾರಿ ಬಿಟ್ಟಿಲ್ಲ, ನಮ್ಮ ಲೆಕ್ಕ ಬಿಗಿ ಆತು ಅಷ್ಟೇ. ಮರುಗಳಿಗೆ ಅದು ಹಿತ್ತಲ ಆಚೆ ಬೀಳ್ತದ.

ಇಲ್ಲೂ ಹಂಗೇ ಆತು. ಫೆಬ್ರುವರಿ 24ರ ಹೊತ್ತಿಗೆ ಲೆಕ್ಕ ಶೇ. 0.004ಕ್ಕೆ ಇಳಿಯಿತು. ಏರಿದ್ದನ್ನು ಮೂರು ದಿನ ತೋರಿಸಿದ ಟೀವಿಯಲ್ಲಿ ಇಳಿದದ್ದನ್ನು ನಾನಂತೂ ನೋಡಲಿಲ್ಲ.

2028ರ ಡಿಸೆಂಬರ್‌ನಲ್ಲಿ ಆ ಕಲ್ಲು ಮತ್ತೆ ಈ ಕಡೆ ಬರ್ತದ, ಮತ್ತೆ ಅಳೀತಾರ. ಆಯಿ ಮನಿಗೆ ಸ್ಲ್ಯಾಬ್ ಹಾಕಿ ಆಗ್ಯಾದ.