ಸರ್ಕಾರಿ ಆಸ್ಪತ್ರೆಗೆ ಹೊಣೆಗಾರರು ಯಾರು?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಆರೋಗ್ಯದ ವಿಷಯಕ್ಕೆ ಡಾಕ್ಟರನ್ನು ಬಿಟ್ಟು ಇಂಜಿನಿಯರನ್ನು ಯಾಕೆ ಕರೆದರು ಎಂದು ಕೆಲವರಿಗೆ ಅನಿಸಿರಬಹುದು. ರೋಗ, ಔಷಧಿ, ಪಥ್ಯ ನನಗೆ ಗೊತ್ತಿಲ್ಲ. ನಾನು ಮಾತಾಡುವುದು ಆಡಳಿತದ ಬಗ್ಗೆ. ಸೇವೆಯಲ್ಲಿದ್ದಾಗ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಸಿಬ್ಬಂದಿ ವಸತಿಗೃಹ, ತಾಲೂಕು ಆಸ್ಪತ್ರೆ ಇಂಥ ಕಾಮಗಾರಿಗಳನ್ನು ನೋಡಿಕೊಂಡವನು ನಾನು. ಕಟ್ಟಡ ಮುಗಿದ ಮೇಲೆ ಹಸ್ತಾಂತರ ಎಂಬುದೊಂದು ಇರುತ್ತದೆ. ಬೀಗದ ಕೈ ಕೊಟ್ಟು ಆ ಕಡೆಯವರ ಸಹಿ ಪಡೆಯಬೇಕು. ಎಷ್ಟೋ ಕಡೆ ಸಹಿ ಹಾಕಿದವರ ಹುದ್ದೆಯ ಮುಂದೆ ಒಂದೇ ಶಬ್ದ ಇರುತ್ತಿತ್ತು: ಪ್ರಭಾರ. ಅವರ ಮೂಲ ಹುದ್ದೆ ಇನ್ನೊಂದು ಊರಿನಲ್ಲಿ. ವಾರಕ್ಕೆ ಎರಡು ದಿನ ಇಲ್ಲಿ, ಉಳಿದ ದಿನ ಅಲ್ಲಿ. ಆ ಡಾಕ್ಟರು ಒಳ್ಳೆಯವರೇ ಇದ್ದರು. ಆದರೆ ನಾಳೆ ಬಿಟ್ಟು ಹೋಗುವವನು ಮನೆಯ ಸೋರುವ ಮಾಳಿಗೆ ರಿಪೇರಿ ಮಾಡಿಸುತ್ತಾನೆಯೇ?

ಒಂದು ತಾಲೂಕಿನ ಹೆಸರು ಬೇಡ. ಅಲ್ಲಿ ನೂರು ಹಾಸಿಗೆಯ ಆಸ್ಪತ್ರೆ. ಶಸ್ತ್ರಚಿಕಿತ್ಸಾ ಕೊಠಡಿಗೆ ಒಳ್ಳೆಯ ಟೈಲ್ಸ್, ಎ.ಸಿ., ಜನರೇಟರ್ ಎಲ್ಲ ಆಯಿತು. ಉದ್ಘಾಟನೆಯೂ ಆಯಿತು. ಬಹಳ ತಿಂಗಳ ನಂತರ ಬೇರೆ ಕೆಲಸಕ್ಕೆ ಹೋದಾಗ ನೋಡಿದರೆ ಆಪರೇಷನ್ ಟೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಕಾರಣ, ಅರಿವಳಿಕೆ ತಜ್ಞರ ಹುದ್ದೆ ಖಾಲಿ. ಹೆರಿಗೆಯಲ್ಲಿ ತೊಂದರೆಯಾಗಿ ಸಿಸೇರಿಯನ್ ಮಾಡಬೇಕಾದರೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಹೀಗೆ ಮೂವರು ಬೇಕು. ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಗರ್ಭಿಣಿಯನ್ನು ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಹೀಗೆ ಏಳೆಂಟು ತಾಲೂಕಿನ ಭಾರ ಒಂದೇ ಆಸ್ಪತ್ರೆಯ ಮೇಲೆ ಬೀಳುತ್ತದೆ. ಆಮೇಲೆ ಅಲ್ಲಿ ಹಾಸಿಗೆ ಇಲ್ಲ, ನರ್ಸಮ್ಮ ಸಿಡುಕುತ್ತಾಳೆ ಎಂದು ನಾವೇ ದೂರುತ್ತೇವೆ.

ಈ ಪ್ರದೇಶ ಹಿಂದೆ ಬೀಳಲು ಚರಿತ್ರೆಯೂ ಕಾರಣ ಹೌದು. ಮೈಸೂರು ಸಂಸ್ಥಾನದಲ್ಲಿ 1930ರ ಹೊತ್ತಿಗೇ ಮಂಡ್ಯದ ಸುತ್ತ ಆರೋಗ್ಯ ಘಟಕದ ಪ್ರಯೋಗ ನಡೆದಿತ್ತು. ನಿಜಾಮರ ಸೀಮೆಯ ನಮ್ಮ ಹಿರಿಯರಿಗೆ ಅಂಥದ್ದು ಸಿಗಲಿಲ್ಲ. 1956ರಲ್ಲಿ ಭಾಷೆಯಿಂದ ಒಂದಾದೆವು, ಸೌಕರ್ಯದಲ್ಲಿ ಆಗಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕಲಬುರಗಿ ವಿಭಾಗದವೇ. ಸಂವಿಧಾನದ 371(ಜೆ) ಕಲಂ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, ಹಣವೂ ಬರುತ್ತಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು. ಆದರೆ ಮಂಡಳಿಯ ಹಣ ಕಟ್ಟಡಕ್ಕೆ ಸುಲಭವಾಗಿ ಹರಿಯುತ್ತದೆ, ಮನುಷ್ಯರ ಕಡೆಗೆ ಹರಿಯುವುದಿಲ್ಲ. ಕಟ್ಟಡಕ್ಕೆ ಎಸ್ಟಿಮೇಟ್ ಇದೆ, ಟೆಂಡರ್ ಇದೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಅರಿವಳಿಕೆ ತಜ್ಞರನ್ನು ನೇಮಿಸಿ ಐದು ವರ್ಷ ಅಲ್ಲೇ ಉಳಿಯುವಂತೆ ನೋಡಿಕೊಂಡವರಿಗೆ ಯಾರೂ ಕಲ್ಲು ಹಾಕಿಸುವುದಿಲ್ಲ. ಕಟ್ಟಡ ಕಟ್ಟಿಯೇ ಹೊಟ್ಟೆ ಹೊರೆದ ನಾನು ಇದನ್ನು ಹೇಳಿದರೆ ನಗು ಬರಬಹುದು, ನಗಿರಿ.

ಈಗ ಹೊಣೆಯ ಮಾತಿಗೆ ಬರುತ್ತೇನೆ. ನಮ್ಮ ಜಿಲ್ಲೆಯ ಆರೋಗ್ಯಕ್ಕೆ ಮುಖ್ಯಸ್ಥರು ಯಾರು? ಡಿ.ಎಚ್.ಓ. ಎನ್ನುತ್ತೀರಿ. ಜಿಲ್ಲಾ ಆರೋಗ್ಯಾಧಿಕಾರಿ ಜಿಲ್ಲಾ ಪಂಚಾಯಿತಿಯ ಅಡಿಯಲ್ಲಿ ಬರುತ್ತಾರೆ. ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲ ಆ ಸಾಲಿನಲ್ಲಿ. ಆದರೆ ಜಿಲ್ಲೆಗೊಂದು ಸರ್ಕಾರಿ ಮೆಡಿಕಲ್ ಕಾಲೇಜು ಬಂದ ಮೇಲೆ ದೊಡ್ಡಾಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯ ಕಡೆ ಹೋಯಿತು. ಅಲ್ಲಿ ನಿರ್ದೇಶಕರು ಬೇರೆ, ಸಚಿವರೂ ಬೇರೆ. ಔಷಧಿ ಖರೀದಿ ಬೆಂಗಳೂರಿನ ನಿಗಮದ್ದು. ಔಷಧಿಯ ಗುಣಮಟ್ಟ ನೋಡುವುದು ಇನ್ನೊಂದು ಇಲಾಖೆ. ಕುಡಿಯುವ ನೀರು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ, ಪಟ್ಟಣದಲ್ಲಿ ನಗರಸಭೆಯದ್ದು. ನೀವು ಹೊಲದ ಬದುವಿನ ಜಗಳ ನೋಡಿದ್ದೀರಿ. ಬದುವಿನ ಕಸ ನಂದಲ್ಲ ಎಂದು ಇಬ್ಬರೂ ಹೇಳುತ್ತಾರೆ. ರೋಗ ಬರುವುದು ಆ ಬದುವಿನ ಮೇಲೇ.

ಎರಡು ಘಟನೆ ಹೇಳುತ್ತೇನೆ. ಎರಡೂ ಎಲ್ಲರಿಗೂ ಗೊತ್ತಿರುವವೇ.

2022ರ ಮೇ ಕೊನೆಗೆ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದವರಿಗೆ ವಾಂತಿ ಭೇದಿ ಶುರುವಾಯಿತು. ಆಸ್ಪತ್ರೆ ತುಂಬಿತು, ಕೆಲವರು ಪ್ರಾಣ ಕಳೆದುಕೊಂಡರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಜಿಲ್ಲೆಯಲ್ಲಿ ನೀರಿನಿಂದ ಸಾವು! ನೀರು ಶುದ್ಧೀಕರಣ ಘಟಕದ ಬಗ್ಗೆ ನನಗೆ ತುಸು ಗೊತ್ತು. ಮರಳಿನ ಫಿಲ್ಟರನ್ನು ನೀರು ಹಿಮ್ಮುಖವಾಗಿ ಹಾಯಿಸಿ ತೊಳೆಯುತ್ತಿರಬೇಕು, ತೊಟ್ಟಿಯ ಹೂಳು ತೆಗೆಯಬೇಕು, ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ದಿನಾ ನೋಡಬೇಕು. ಇದಕ್ಕೆ ದೊಡ್ಡ ವಿದ್ಯೆ ಬೇಡ, ಒಂದು ರಿಜಿಸ್ಟರ್ ಮತ್ತು ಅದನ್ನು ಓದುವ ಒಬ್ಬ ಮೇಲಧಿಕಾರಿ ಸಾಕು. ಆ ರಿಜಿಸ್ಟರನ್ನು ಆರೋಗ್ಯಾಧಿಕಾರಿ ತರಿಸಿ ನೋಡಿ, ‘ಈ ನೀರು ಬಿಡಬೇಡಿ’ ಎನ್ನುವ ಪದ್ಧತಿ ನಮ್ಮಲ್ಲಿ ನಡೆಯುತ್ತಿಲ್ಲ. ಅವರ ಕೆಲಸ ಶುರುವಾಗುವುದು ಜನ ಆಸ್ಪತ್ರೆಗೆ ಬಂದ ಮೇಲೆ.

ಎರಡನೆಯದು ಇನ್ನೂ ನೋವಿನದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐದು ಜನ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಹಸುಗೂಸುಗಳು ಅಜ್ಜಿಯರ ಮಡಿಲಿಗೆ ಬಂದವು. ಸಂಶಯ ಬಿದ್ದದ್ದು ಅವರಿಗೆ ಏರಿಸಿದ ಗ್ಲೂಕೋಸ್ ಬಾಟಲಿಯಂಥ ದ್ರಾವಣದ ಮೇಲೆ, ರಿಂಗರ್ ಲ್ಯಾಕ್ಟೇಟ್ ಎನ್ನುತ್ತಾರೆ. ಅದೇ ಕಂಪನಿಯ ಕೆಲವು ಬ್ಯಾಚುಗಳ ಬಗ್ಗೆ ಮೊದಲೇ ಅನುಮಾನ ಇತ್ತು. ರಾಜ್ಯದ ಪ್ರಯೋಗಾಲಯ ಒಂದು ಹೇಳಿತು, ಕೇಂದ್ರದ ಪ್ರಯೋಗಾಲಯ ಇನ್ನೊಂದು ಹೇಳಿತು. ತಡೆಹಿಡಿದಿದ್ದ ಬಾಟಲಿ ಮತ್ತೆ ವಾರ್ಡಿಗೆ ಬಂತು. ಸಾವಿನ ನಂತರ ಔಷಧ ನಿಯಂತ್ರಕರ ಅಮಾನತಾಯಿತು, ತನಿಖೆ ಆಯಿತು.

ಇಲ್ಲಿ ನನ್ನ ಕಸುಬಿನ ಮಾತೊಂದು ಹೇಳಲೇಬೇಕು. ಒಂದು ಕಾಲಂಗೆ ಕಾಂಕ್ರೀಟ್ ಹಾಕಿದರೆ ಅದೇ ಕಾಂಕ್ರೀಟಿನ ಘನಗಳನ್ನು ಎರಕ ಹೊಯ್ದು 7ನೇ ದಿನ, 28ನೇ ದಿನ ಒತ್ತಡಕ್ಕೆ ಹಾಕಿ ಒಡೆಯುತ್ತೇವೆ. ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆದು ಸಹಿ ಹಾಕುತ್ತೇವೆ. ಅಳತೆ ಪುಸ್ತಕದಲ್ಲಿ ಅಳತೆ ಬರೆದವನ ಸಹಿ, ಪರಿಶೀಲಿಸಿದವನ ಸಹಿ ಇರುತ್ತದೆ. ಇಪ್ಪತ್ತು ವರ್ಷದ ನಂತರ ಸೇತುವೆ ಬಿರುಕು ಬಿಟ್ಟರೂ ಆ ಪುಸ್ತಕ ತೆಗೆದು, ಈ ಸಹಿ ಯಾರದು ಎಂದು ಕೇಳಬಹುದು. ನಮ್ಮ ಇಲಾಖೆಯಲ್ಲಿ ಕಳ್ಳತನ ಇಲ್ಲವೆಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ಎದ್ದು ಹೋಗುತ್ತೀರಿ. ಆದರೆ ಕೇಳಲು ಒಂದು ಹೆಸರಾದರೂ ಇದೆ. ಎರಡು ಪ್ರಯೋಗಾಲಯಗಳ ಮಾತು ಬೇರೆಬೇರೆಯಾದಾಗ ‘ಅನುಮಾನ ಇದೆ, ತೀರ್ಮಾನ ಆಗುವವರೆಗೆ ಬಾಣಂತಿಗೆ ಏರಿಸಬೇಡಿ’ ಎಂದು ಬರೆದು ಸಹಿ ಹಾಕಬೇಕಾದ ಒಬ್ಬ ವ್ಯಕ್ತಿ ಯಾರಾಗಿದ್ದರು? ಇಂಥವರೇ ಎಂದು ಹೊರಗಿನಿಂದ ನೋಡುವ ನಾವು ಬೆರಳಿಟ್ಟು ಹೇಳುವಂತಿಲ್ಲ.

ಬೇರೆ ದಾರಿ ಇದೆಯೇ ಎಂದರೆ, ಪಕ್ಕದ ತಮಿಳುನಾಡಿನಲ್ಲೇ ಇದೆ. ಅಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಪ್ರತ್ಯೇಕ ನಿರ್ದೇಶನಾಲಯ, ಪ್ರತ್ಯೇಕ ವೃಂದ. ಆಪರೇಷನ್ ಮಾಡುವ ಡಾಕ್ಟರು ಬೇರೆ. ನೀರು, ಸೊಳ್ಳೆ, ಲಸಿಕೆ, ಸಾಂಕ್ರಾಮಿಕ ರೋಗ ನೋಡಿಕೊಳ್ಳುವ ಡಾಕ್ಟರು ಬೇರೆ. ಎರಡನೆಯವರು ಆ ವಿದ್ಯೆಯನ್ನೇ ಓದಿ, ಕೆಳಗಿನಿಂದ ಮೇಲೇರಿ ನಿರ್ದೇಶಕರಾಗುತ್ತಾರೆ. ಅದಕ್ಕೆ ಬೆನ್ನೆಲುಬಾಗಿ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ ಇದೆ. ನೀರಿನ ಮೂಲ, ಚರಂಡಿ ಪರಿಶೀಲಿಸುವ ಅಧಿಕಾರ ಆ ಕಾಯ್ದೆಯಿಂದ ಆರೋಗ್ಯಾಧಿಕಾರಿಗೆ ಬಂತು. ಆ ಕಾಯ್ದೆ ಬಂದಾಗ ನಮ್ಮ ಬಳ್ಳಾರಿಯೂ ಮದ್ರಾಸಿನಲ್ಲೇ ಇತ್ತು, 1953ರವರೆಗೆ.

ಔಷಧಿಗೆ ಅವರು 1995ರಿಂದ ಒಂದು ನಿಗಮದ ಮೂಲಕ ಖರೀದಿ ಮಾಡುತ್ತಿದ್ದಾರೆ. ಜಿಲ್ಲೆಗಳಲ್ಲಿ ಗೋದಾಮು. ಪ್ರತಿ ಆಸ್ಪತ್ರೆಗೆ ಬ್ಯಾಂಕಿನಂತೆ ಒಂದು ಪಾಸ್‌ಬುಕ್. ವರ್ಷಕ್ಕೆ ಇಷ್ಟು ರೂಪಾಯಿಯ ಔಷಧಿ ನಿನ್ನದು, ಏನು ಬೇಕೋ ನೀನೇ ಆರಿಸಿ ತೆಗೆದುಕೋ ಎಂದು. ಬೆಂಗಳೂರಿನವರು ಕಳಿಸಿದ್ದನ್ನು ಬೀರುವಿನಲ್ಲಿ ತುಂಬಿಟ್ಟು ಅವಧಿ ಮೀರಿಸುವುದಕ್ಕೂ ಇದಕ್ಕೂ ವ್ಯತ್ಯಾಸ ನೋಡಿ. ಆಯ್ದಕ್ಕಿ ಲಕ್ಕಮ್ಮ ತಾಯಿ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ವಾಪಸು ಕಳಿಸಿದ ಕಥೆ ನಾವು ಪ್ರತಿ ಗೋಷ್ಠಿಯಲ್ಲಿ ಹೇಳುತ್ತೇವೆ. ಇಂಡೆಂಟ್ ಬರೆಯುವ ಫಾರ್ಮಸಿಸ್ಟಿಗೂ ಅದನ್ನು ಹೇಳಬಹುದು.

ನಮ್ಮಲ್ಲಿ ಯಾರೂ ಹೇಳಿಲ್ಲವೆಂದಲ್ಲ. 1999ರಲ್ಲಿ ಸರ್ಕಾರವೇ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ಕಾರ್ಯಪಡೆ ಮಾಡಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ದುಡಿದವರು ಅವರು. 2001ರಲ್ಲಿ ಬಂದ ವರದಿ ಭ್ರಷ್ಟಾಚಾರವನ್ನೂ, ಸಾರ್ವಜನಿಕ ಆರೋಗ್ಯದ ಕಡೆಗಣನೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿತು. ಕೆಲವು ಶಿಫಾರಸು ಜಾರಿಯಾದವು. ವೈದ್ಯರ ವರ್ಗಾವಣೆ ನಿಯಂತ್ರಿಸಲು 2011ರಲ್ಲಿ ಕಾಯ್ದೆಯೂ ಬಂತು. ಆದರೂ ನಿಯೋಜನೆ ಎಂಬ ಹಿಂಬಾಗಿಲು ತೆರೆದೇ ಇದೆ. ಸಂಬಳ ಇಲ್ಲಿಯದು, ಕೆಲಸ ಬೆಂಗಳೂರಿನಲ್ಲಿ. ಪುಸ್ತಕದಲ್ಲಿ ಹುದ್ದೆ ಭರ್ತಿ, ಕುರ್ಚಿ ಖಾಲಿ.

ಇನ್ನು ನಮ್ಮ ಪಾಲಿನ ಮಾತು. ಕಾಯಕವೇ ಕೈಲಾಸ ಎಂದ ಪರಂಪರೆ ನಮ್ಮದು. ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕ ಮಾಡಿಕೊಂಡ ಶರಣರು. ಆದರೆ ಸಮಾಜದಲ್ಲಿ ಸ್ವಲ್ಪ ಅನುಕೂಲ ಇರುವ ನಾವು ಜ್ವರ ಬಂದರೆ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಸೋಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತೇವೆ. ನಮ್ಮ ಸಮಾಜದ ಸಂಸ್ಥೆಗಳೂ ಮೆಡಿಕಲ್ ಕಾಲೇಜು ನಡೆಸುತ್ತಿವೆ, ಸಂತೋಷ. ಆದರೆ ಸರ್ಕಾರಿ ಆಸ್ಪತ್ರೆಗೆ ಯಾರು ಹೋಗುತ್ತಾರೆ? ಹೊಲದಲ್ಲಿ ಕೂಲಿ ಮಾಡುವವಳು, ಗುಳೆ ಹೋಗಿ ಬಂದವನು. ಅವರಿಗೆ ದನಿ ಇಲ್ಲ. ದನಿ ಇರುವ ನಾವು ಅಲ್ಲಿಗೆ ಹೋಗದ ಕಾರಣ ಅಲ್ಲಿ ಏನು ನಡೆದರೂ ಕೇಳುವವರಿಲ್ಲ.

ಕೇಳಲು ಜಾಗ ಇದೆ. ಪ್ರತಿ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ. ಹಳ್ಳಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಿನಿಂದ ಇವುಗಳ ಕೈಗೆ ಸಣ್ಣದಾದರೂ ಸ್ವಂತ ಹಣ ಬರುತ್ತದೆ. ಎಷ್ಟೋ ಕಡೆ ಸಭೆ ನಡೆಯುವುದು ನಡವಳಿ ಪುಸ್ತಕದಲ್ಲಿ ಮಾತ್ರ. ಪುಸ್ತಕ ಮನೆಗೇ ಬರುತ್ತದೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಅನುಭವ ಮಂಟಪದ ಹೆಸರು ಹೇಳುವ ನಾವು ಕೂಡದ ಸಭೆಗೆ ಸಹಿ ಹಾಕಬಹುದೇ? ಇಲ್ಲಿ ಇರುವವರಲ್ಲಿ ಕೆಲವರು ಆ ಸಮಿತಿಗಳಲ್ಲಿ ಇದ್ದೀರಿ ಎಂಬುದು ನನಗೆ ಗೊತ್ತು.

ಪೂಜ್ಯರಲ್ಲಿ ಒಂದು ಬಿನ್ನಹ. ಆಸ್ಪತ್ರೆಯ ಶಂಕುಸ್ಥಾಪನೆಗೆ ತಮ್ಮನ್ನು ಕರೆಯುತ್ತಾರೆ. ತಮ್ಮ ಮಾತನ್ನು ಮಂತ್ರಿಗಳೂ ಕೇಳುತ್ತಾರೆ. ಶಾಲು ಹೊದಿಸುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಈ ಕಟ್ಟಡಕ್ಕೆ ಮಂಜೂರಾದ ಹುದ್ದೆ ಎಷ್ಟು? ಭರ್ತಿಯಾಗಿ ಇಲ್ಲೇ ಕೆಲಸ ಮಾಡುವವರು ಎಷ್ಟು? ಮುಖ್ಯ ವೈದ್ಯರು ಪ್ರಭಾರವೋ, ಪೂರ್ಣಾವಧಿಯೋ? ಉತ್ತರವನ್ನು ಮುಂದಿನ ಜಾತ್ರೆಯ ವೇದಿಕೆಯ ಮೇಲೆ ಓದಿ ಹೇಳಬೇಕು. ಅದೇ ರೀತಿ, ಹಳ್ಳಿಯಲ್ಲಿ ವರ್ಷಗಟ್ಟಲೆ ಉಳಿದು ದುಡಿದ ಡಾಕ್ಟರಮ್ಮ, ನರ್ಸಮ್ಮ, ಆಶಾ ತಾಯಂದಿರು ಇದ್ದಾರೆ. ಅವರನ್ನೂ ಇದೇ ವೇದಿಕೆಗೆ ಕರೆಯಬೇಕು.

ನಮ್ಮ ಹೋಬಳಿಯ ಆರೋಗ್ಯ ಕೇಂದ್ರದ ಮಂಜೂರಾದ ಹುದ್ದೆಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಅರ್ಜಿ ಹಾಕಿದ್ದೇನೆ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಂದರೂ ಬರದಿದ್ದರೂ ಮುಂದಿನ ಗೋಷ್ಠಿಗೆ ಅದನ್ನು ತರುತ್ತೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ.