ಆಷಾಢದ ನೇರಳೆ, ಡಿಸೆಂಬರಿನ ವೈನು



ಆಷಾಢದ ಗಾಳಿ ಎದ್ದಿತೆಂದರೆ ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ನೇರಳೆ ಮರದ ಬುಡವೆಲ್ಲ ಕಪ್ಪಗಾಗುತ್ತದೆ. ಇವತ್ತು ಒಂದು ಬೊಗಸೆ, ನಾಳೆ ಎರಡು ಬೊಗಸೆ ಉದುರುತ್ತದೆ. ಆಯ್ದಿಟ್ಟದ್ದು ಎರಡು ಮೂರು ದಿನಕ್ಕೇ ಹುಳಿವಾಸನೆ ಹಿಡಿಯುತ್ತದೆ. ವೈನಿಗೆ ಸಾಲುವಷ್ಟು ಹಣ್ಣು ಕೂಡುವ ಹೊತ್ತಿಗೆ ಮೊದಲು ಆಯ್ದದ್ದು ಕೆಟ್ಟಿರುತ್ತದೆ. ಸಾಲದ್ದಕ್ಕೆ ವೈನು ಬೇಕಾಗುವ ಕ್ರಿಸ್‌ಮಸ್ ಬರುವುದು ಡಿಸೆಂಬರಿಗೆ. ಈ ಎರಡು ತೊಡಕನ್ನೂ ಫ್ರೀಜರು ಬಿಡಿಸುತ್ತದೆ.

ಫ್ರೀಜರಿಗೆ ಹೋದ ಹಣ್ಣು ಸತ್ತ ಹಣ್ಣು ಎಂದು ಹಲವರು ಮೂಗು ಮುರಿಯುತ್ತಾರೆ. ಹಾಗೇ ತಿನ್ನುವುದಕ್ಕಾದರೆ ಆ ಮಾತು ಸರಿ, ಹಣ್ಣು ಪಿಚಕ್ಕೆನ್ನುತ್ತದೆ. ವೈನಿಗೆ ಮಾತ್ರ ಆ ಮೆತ್ತಗಾಗುವುದೇ ಲಾಭ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ತಿರುಳಿನ ಒಂದೊಂದು ಕೋಶದೊಳಗೂ ಹೊರಗೂ ಹರಳುಗಟ್ಟಿದ ನೀರು ಕೋಶದ ಗೋಡೆಯನ್ನು ಹರಿದುಹಾಕುತ್ತದೆ. ಕರಗಿದ ಮೇಲೆ ಹಿಂಡದೆಯೇ ರಸ ಇಳಿಯುತ್ತದೆ. ಸಿಪ್ಪೆಯಲ್ಲಿ ಅಡಗಿದ್ದ ನೀಲಿಗೆಂಪು ಬಣ್ಣವೂ ಅದರ ಜೊತೆಗೆ ಬರುತ್ತದೆ. ಹಣ್ಣನ್ನು ಕೆಡದಂತೆ ಕಾಪಾಡುವ ಕಾರ್ಖಾನೆಗಳು ಹರಳು ಸಣ್ಣದಾಗಿರಲಿ ಎಂದು ಬಹಳ ಬೇಗ ಹೆಪ್ಪುಗಟ್ಟಿಸುತ್ತವೆ. ನಮ್ಮ ಮನೆಯ ಫ್ರೀಜರು ನಿಧಾನ, ಹರಳು ದೊಡ್ಡದು, ಹರಿತ ಹೆಚ್ಚು. ವೈನಿನ ಮಟ್ಟಿಗೆ ಆ ನಿಧಾನವೇ ಒಳ್ಳೆಯದು.

ಆದರೆ ಚಳಿ ಯಾವುದನ್ನೂ ಶುದ್ಧ ಮಾಡುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಯೀಸ್ಟೂ ಬೂಷ್ಟೂ ಮಲಗುತ್ತವೆ, ಸಾಯುವುದಿಲ್ಲ. ಆದ್ದರಿಂದ ಒಡೆದ, ಬೂಷ್ಟು ತಗುಲಿದ ಹಣ್ಣನ್ನು ಮೊದಲೇ ಬಿಸಾಡಿ, ಉಳಿದದ್ದನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ನೀರಾರಿದ ಮೇಲೆ ಇಡಬೇಕು. ಕರೆಂಟು ಹೋಗಿ ಗಂಟೆಗಟ್ಟಲೆ ಬಾರದೆ ಹಣ್ಣು ಕರಗಿದ್ದರೆ ಮತ್ತೆ ಹೆಪ್ಪುಗಟ್ಟಲು ಬಿಡಬೇಡಿ. ರಸ ಆಗಲೇ ಹೊರಬಂದಿರುತ್ತದೆ, ಬೂಷ್ಟಿಗೆ ಅದೇ ಊಟ.

ಕರಗಿಸುವಾಗ ಅವಸರ ಸಲ್ಲದು. ಒಲೆಗಿಟ್ಟರೆ ಹಣ್ಣಿನ ಪೆಕ್ಟಿನ್ ಎಂಬ ಅಂಟು ರಸಕ್ಕಿಳಿದು ವೈನು ಮಬ್ಬಾಗುತ್ತದೆ, ತಿಳಿಯಾಗಲು ಸತಾಯಿಸುತ್ತದೆ. ಮುಚ್ಚಿದ ಪಾತ್ರೆಯಲ್ಲಿ ತಾನಾಗಿ ಕರಗಲಿ. ತಳದಲ್ಲಿ ನಿಂತ ರಸವನ್ನು ಚೆಲ್ಲಬಾರದು, ಬಣ್ಣವೂ ಸಿಹಿಯೂ ಅದರಲ್ಲಿ ಇಳಿದಿರುತ್ತವೆ. ಬೀಜವನ್ನು ಕೈಯಿಂದ ಬಿಡಿಸಿ. ಮಿಕ್ಸಿಗೆ ಹಾಕಿದರೆ ಬೀಜದ ಕಹಿ ಇಳಿಯುತ್ತದೆ, ನೇರಳೆಯ ಒಗರೇ ಸಾಕಷ್ಟಿದೆ. ತಿರುಳು ಕೋಣೆಯ ಹದಕ್ಕೆ ಬರುವವರೆಗೆ ಯೀಸ್ಟ್ ಹಾಕುವಂತಿಲ್ಲ. ತಣ್ಣನೆಯ ರಸದಲ್ಲಿ ಅದು ಏಳುವುದೇ ಇಲ್ಲ, ಅಷ್ಟರಲ್ಲಿ ಬೇರೆ ಸೂಕ್ಷ್ಮಜೀವಿಗಳು ಜಾಗ ಹಿಡಿಯುತ್ತವೆ.

ಇನ್ನು ಸಕ್ಕರೆಯ ಲೆಕ್ಕ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರ ಆಗುತ್ತದೆ. ಶೇಕಡಾ 12ಕ್ಕೆ ಸರಿಸುಮಾರು 200 ಗ್ರಾಂ ಬೇಕು. ನೇರಳೆಯಲ್ಲಿ ಅಷ್ಟು ಸಿಹಿ ಇಲ್ಲದ್ದರಿಂದ ಮೇಲಿಂದ ಸಕ್ಕರೆ ಬೀಳುತ್ತದೆ. ಆ ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ. ಹುದುಗುವ ಜಾಡಿಯ ಬಾಯಿ ಬಿಗಿದರೆ ಗಾಜು ಸಿಡಿಯುವುದು ಇದರಿಂದಲೇ.

ಕೆನಡಾದ ಐಸ್‌ವೈನಿಗೂ ಫ್ರೀಜರಿನ ಹಣ್ಣಿನ ಈ ವೈನಿಗೂ ನಂಟು ಕಲ್ಪಿಸುವವರಿದ್ದಾರೆ. ಅದರ ದಾರಿ ಬೇರೆ: ಮೈನಸ್ 8 ಡಿಗ್ರಿಯಲ್ಲಿ ಬಳ್ಳಿಯ ಮೇಲೇ ಹೆಪ್ಪಾದ ದ್ರಾಕ್ಷಿಯನ್ನು ಕರಗಲು ಬಿಡದೆ ಹಿಂಡುತ್ತಾರೆ, ನೀರು ಮಂಜಾಗಿ ಹಿಂದುಳಿದು ಗಟ್ಟಿ ಸಿಹಿರಸ ಮಾತ್ರ ಬರುತ್ತದೆ.

ಒಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಅರಕಲಗೂಡು ದಾಟಿ ಕೊಡಗಿಗೆ ಕಾಲಿಟ್ಟರೆ ಅಂಗಡಿಗಳಲ್ಲಿ ‘ಮನೆ ವೈನ್’ ಕಾಣುತ್ತದೆ. ಅದನ್ನು ನೋಡಿ ಯಾರು ಬೇಕಾದರೂ ಮಾಡಬಹುದೆಂದು ತಿಳಿಯಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ರಾಜ್ಯದ 2007ರ ವೈನ್ ನೀತಿ ಮುಖ್ಯವಾಗಿ ದ್ರಾಕ್ಷಿಯನ್ನು ನೆಚ್ಚಿಕೊಂಡದ್ದು. ನಮ್ಮ ರಸ್ತೆ ಬದಿಯಲ್ಲಿ ಕಾಲಿಗೆ ಸಿಕ್ಕಿ ಹಾಳಾಗುವ ನೇರಳೆಗೂ ಅಂಥ ಆಸರೆ ಸಿಗಬೇಕು, ರೈತರ ಗುಂಪುಗಳು ಅದನ್ನು ಕೇಳಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಪರವಾನಗಿ ಇಲ್ಲದ ಮನೆಗೆ ಇದೇ ಹಣ್ಣಿನ ಶರಬತ್ತು ಇದೆ. ಕರಗಿದ ರಸವನ್ನು ತೆಳುಬಟ್ಟೆಯಲ್ಲಿ ಸೋಸಿ, ಸಕ್ಕರೆ, ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿ ಅಂದೇ ಕುಡಿಯಿರಿ. ಮಿಕ್ಕಿದ ಹಣ್ಣು ಫ್ರೀಜರಿನಲ್ಲೇ ಇರಲಿ. ಬೇಕಾದ ದಿನ ಬೇಕಾದಷ್ಟನ್ನು ಮಾತ್ರ ತೆಗೆಯಿರಿ.