ನಿತ್ಯದ ಲೇಪ, ವಾರದ ಲೇಪ

ಉರಿಗಾಂ ರೈಲ್ವೆ ನಿಲ್ದಾಣದಲ್ಲಿ ನಸುಕಿನ ಗಾಡಿಗೆ ಕಾದು ನಿಂತ ಹೆಣ್ಣುಮಕ್ಕಳನ್ನು ನೀವು ನೋಡಿದ್ದೀರಾ? ಮಾರಿಕುಪ್ಪಂನಲ್ಲಿ ಹೊರಟು, ಬಂಗಾರಪೇಟೆಯ ಮೇಲೆ ಹಾದು, ಬೆಂಗಳೂರಿಗೆ ಹೋಗುವ ಗಾಡಿ ಅದು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮನೆಗಳ ಅನ್ನ ಈ ಗಾಡಿಯಲ್ಲೇ ಹೋಗಿ ಈ ಗಾಡಿಯಲ್ಲೇ ಬರುತ್ತದೆ. ಹುಡುಗಿಯರು ಒದ್ದೆ ತಲೆಯಲ್ಲೇ ಓಡಿಬಂದು ಗಾಡಿ ಹತ್ತುತ್ತಾರೆ. ಕಿಟಕಿಯ ಗಾಳಿಯಲ್ಲಿ ಕೂದಲು ಆರುತ್ತದೆ, ಬಾಚಣಿಗೆ ಗಾಡಿಯಲ್ಲೇ ಹೊರಗೆ ಬರುತ್ತದೆ.

ನಮ್ಮ ನೆರೆಮನೆಯ ಹುಡುಗಿಯೂ ಅವರಲ್ಲಿ ಒಬ್ಬಳು. ಒಂದು ಭಾನುವಾರ ಆಕೆ ಒಂದು ಸೀಸೆಯನ್ನೂ ಒಂದು ಡಬ್ಬಿಯನ್ನೂ ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದಳು. ಸೀಸೆಯ ಮೇಲೆ ಕಂಡಿಷನರ್ ಎಂದಿತ್ತು. ಡಬ್ಬಿಯ ಮೇಲೆ ಡೀಪ್ ಕಂಡಿಷನರ್ ಎಂದಿತ್ತು. ಡಬ್ಬಿಗೆ ಅವಳ ಎರಡು ದಿನದ ಸಂಬಳ ಹೋಗಿತ್ತು. “ಕೂದಲು ಉದುರುತ್ತಿದೆ ಅಕ್ಕಾ. ಆಳಕ್ಕೆ ಇಳಿಯುವುದೇ ಒಳ್ಳೆಯದಲ್ಲವೆ ಎಂದು ಇದನ್ನೇ ದಿನಾ ಹಚ್ಚಿ ರಾತ್ರಿಯೆಲ್ಲ ಬಿಡುತ್ತಿದ್ದೇನೆ. ಎರಡು ತಿಂಗಳಾಯಿತು. ಉದುರುವುದು ನಿಂತಿಲ್ಲ, ಇರುವ ಕೂದಲೂ ಜೋತುಬಿದ್ದಿದೆ” ಎಂದಳು. ಆ ವೈಶಾಖದಲ್ಲಿ ಅವಳ ಮದುವೆ ಗೊತ್ತಾಗಿತ್ತು. ಕಣ್ಣಲ್ಲಿ ನೀರಿತ್ತು.

ಅವಳ ಪ್ರಶ್ನೆ ಅನೇಕರ ಪ್ರಶ್ನೆ. ಈ ಎರಡು ಲೇಪಗಳಿಗೆ ವ್ಯತ್ಯಾಸವೇನು? ಯಾವುದು ಯಾರಿಗೆ? ಇದನ್ನು ತಿಳಿಯಬೇಕಾದರೆ ಮೊದಲು ಕೂದಲೆಂದರೆ ಏನೆಂದು ನೋಡಬೇಕು.

ಕೂದಲಿಗೆ ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಹೊರಗೆ ಬಂದ ಎಳೆ ಉಗುರಿನಂತೆ ನಿರ್ಜೀವ. ಕೆರಾಟಿನ್ ಎಂಬ ಪ್ರೋಟೀನಿನ ನಾರು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಅದು ಬೆಳೆಯುತ್ತದೆ. ಹಾಗಾದರೆ ಲೆಕ್ಕ ಹಾಕಿ: ಜಡೆ 60 ಸೆಂಟಿಮೀಟರ್ ಉದ್ದವಿದ್ದರೆ ಅದರ ತುದಿಗೆ ಐದು ವರ್ಷ ವಯಸ್ಸು. ಐದು ವರ್ಷದ ಬಿಸಿಲು, ಬಾಚಣಿಗೆ, ಸೋಪು, ಎಲ್ಲವನ್ನೂ ಆ ತುದಿ ಅನುಭವಿಸಿದೆ. ಆದ್ದರಿಂದಲೇ ಬುಡ ನುಣುಪಾಗಿದ್ದು ತುದಿ ಸೀಳುತ್ತದೆ.

ಎಳೆಯ ಹೊರಮೈ ಹೆಂಚು ಹೊದಿಸಿದ ಮಾಡಿನಂತಿದೆ. ತೆಳುವಾದ ಬಿಲ್ಲೆಗಳು ಒಂದರ ಮೇಲೊಂದು, ತುದಿಯ ಕಡೆಗೆ ಮುಖಮಾಡಿ ಕುಳಿತಿವೆ. ನಂಬಿಕೆಯಿಲ್ಲದಿದ್ದರೆ ಈಗಲೇ ಒಂದು ಕೂದಲನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ, ನುಣ್ಣಗೆ ಜಾರುತ್ತದೆ. ತುದಿಯಿಂದ ಬುಡಕ್ಕೆ ಎಳೆಯಿರಿ, ಕೊಂಚ ತಡೆಯುತ್ತದೆ. ಈ ಹೆಂಚುಗಳ ಮೇಲೆ ಹುಟ್ಟಿನಿಂದಲೇ ಬಂದ ಒಂದು ಜಿಡ್ಡಿನ ತೆಳು ಪೊರೆಯೂ ಇದೆ. ಬಣ್ಣ ಹಾಕುವುದು, ಕಾದ ಇಕ್ಕುಳದಿಂದ ನೇರಮಾಡುವುದು, ಕ್ಷಾರದ ಸೋಪಿನಿಂದ ತೊಳೆಯುವುದು, ಇವುಗಳಿಂದ ಪೊರೆ ಹೋಗುತ್ತದೆ, ಹೆಂಚು ಏಳುತ್ತದೆ, ಒಳಗಿನ ನಾರು ಬಯಲಾಗುತ್ತದೆ.

ಈಗ ನಿತ್ಯದ ಕಂಡಿಷನರಿಗೆ ಬರೋಣ. ನೀರಿನಲ್ಲಿ ನೆನೆದ ಕೂದಲಿನ ಮೇಲೆ ಋಣ ವಿದ್ಯುತ್ತಿನ ಅಂಶ ಇರುತ್ತದೆ. ಕೂದಲು ಹಾಳಾದಷ್ಟೂ ಅದು ಹೆಚ್ಚು. ಕಂಡಿಷನರಿನಲ್ಲಿರುವ ಮುಖ್ಯ ವಸ್ತುವಿಗೆ ಧನ ವಿದ್ಯುತ್ತಿನ ಅಂಶವಿದೆ. ಇವೆರಡೂ ಒಂದನ್ನೊಂದು ಸೆಳೆಯುತ್ತವೆ. ಆದ್ದರಿಂದ ಲೇಪವನ್ನು ನೀರಿನಲ್ಲಿ ತೊಳೆದರೂ ಒಂದು ತೆಳುವಾದ ಪದರ ಎಳೆಯ ಮೇಲೆ ಉಳಿಯುತ್ತದೆ. ಎಲ್ಲಿ ಹೆಚ್ಚು ಹಾಳಾಗಿದೆಯೋ ಅಲ್ಲಿಗೇ ಹೆಚ್ಚಾಗಿ ಅಂಟುತ್ತದೆ. ಹೆಂಚು ಕೆಳಗೆ ಕೂರುತ್ತದೆ, ಬಾಚಣಿಗೆ ಜಾರುತ್ತದೆ, ಸಿಕ್ಕು ಬಿಡುತ್ತದೆ. ಈ ಕೆಲಸಕ್ಕೆ ಎರಡು ಮೂರು ನಿಮಿಷ ಸಾಕು. ಇದು ಮೇಲ್ಮೈಯ ಕೆಲಸ. ಮುಂದಿನ ಸ್ನಾನದವರೆಗಿನ ಕೆಲಸ. ಆದರೆ ಇದನ್ನು ಕೀಳೆನ್ನಬೇಡಿ. ಒದ್ದೆ ಕೂದಲನ್ನು ಸಿಕ್ಕಿನ ಸಮೇತ ಬಾಚುವುದರಿಂದ ಆಗುವ ಹಾನಿ ಬಹಳ. ಅದನ್ನು ದಿನದಿನವೂ ತಪ್ಪಿಸುವುದು ಈ ಸೀಸೆ.

ಡೀಪ್ ಕಂಡಿಷನರ್ ಎಂದರೇನು? ಡಬ್ಬಿಯನ್ನು ಸೀಸೆಯ ಪಕ್ಕದಲ್ಲಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಅನೇಕ ವೇಳೆ ಮೊದಲ ಮೂರು ನಾಲ್ಕು ಹೆಸರುಗಳು ಒಂದೇ ಆಗಿರುತ್ತವೆ: ನೀರು, ಸೀಟೋಸ್ಟಿಯರಿಲ್ ಆಲ್ಕೊಹಾಲ್, ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್. ಆಲ್ಕೊಹಾಲ್ ಎಂದು ಬೆಚ್ಚಬೇಕಾಗಿಲ್ಲ. ಇದು ಮೇಣದಂಥ ಮೃದು ವಸ್ತು, ಕೂದಲನ್ನು ಒಣಗಿಸುವುದಿಲ್ಲ. ಡಬ್ಬಿಯಲ್ಲಿ ಇವುಗಳ ಪ್ರಮಾಣ ಹೆಚ್ಚು, ಲೇಪ ಮಂದ, ಎಣ್ಣೆ ಬೆಣ್ಣೆಗಳು ಅಧಿಕ. ಜೊತೆಗೆ ಸಣ್ಣಗೆ ಒಡೆದ ಪ್ರೋಟೀನನ್ನೋ ಪ್ಯಾಂಥೆನಾಲನ್ನೋ ಸೇರಿಸಿರುತ್ತಾರೆ. ಇದನ್ನು ಹತ್ತರಿಂದ ಮೂವತ್ತು ನಿಮಿಷ ಬಿಡಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವಲನ್ನು ಸುತ್ತಿದರೆ ಇನ್ನೂ ಒಳ್ಳೆಯದು. ಅಷ್ಟು ಹೊತ್ತಿನಲ್ಲಿ ತೀರ ಸಣ್ಣ ಅಣುಗಳು ಕೆಲವು ಎಳೆಯೊಳಗೆ ಇಳಿಯುತ್ತವೆ. ಉಳಿದುದೆಲ್ಲ ಹೊರಗೇ ಇನ್ನಷ್ಟು ದಪ್ಪ ಪದರವಾಗಿ ನಿಲ್ಲುತ್ತದೆ.

ಚಾಂಪಿಯನ್ ರೀಫ್ ಗಣಿಯಲ್ಲಿ ನಮ್ಮ ಹಿರಿಯರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದರು. ಆಳವೆಂಬ ಮಾತಿನ ಬೆಲೆ ಈ ಊರಿಗೆ ಗೊತ್ತು. ಡಬ್ಬಿಯ ಮೇಲಿನ ಆಳ ಅಂಥದ್ದಲ್ಲ. ಸೀಸೆಗೂ ಡಬ್ಬಿಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಪ್ರಮಾಣದ್ದು ಮತ್ತು ಹೊತ್ತಿನದು. ಕೂದಲು ಹಿಡಿದಿಟ್ಟುಕೊಳ್ಳುವಷ್ಟನ್ನು ಹಿಡಿದ ಮೇಲೆ ರಾತ್ರಿಯೆಲ್ಲ ಬಿಟ್ಟರೂ ಹೆಚ್ಚಿನ ಲಾಭವಿಲ್ಲ. ಒದ್ದೆಯಲ್ಲೇ ನೆನೆಯುವ ಕೂದಲು ಉಬ್ಬುತ್ತದೆ, ದುರ್ಬಲವಾಗುತ್ತದೆ; ದಿಂಬೂ ಹಾಳು.

ನಮ್ಮ ಅಜ್ಜಿಗೆ ಸೀಸೆಯೂ ಗೊತ್ತಿರಲಿಲ್ಲ, ಡಬ್ಬಿಯೂ ಗೊತ್ತಿರಲಿಲ್ಲ. ಗಣಿಯ ಲೈನು ಮನೆಗಳಲ್ಲಿ ಅಕ್ಕಪಕ್ಕ ತಮಿಳರು, ತೆಲುಗರು, ಕನ್ನಡಿಗರು. ಗಂಡಸರಿಗೆ ಶನಿವಾರ, ಹೆಂಗಸರಿಗೆ ಮಂಗಳವಾರ ಶುಕ್ರವಾರ ಎಣ್ಣೆನೀರು. ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಿ ಒಂದು ಗಂಟೆ ಕೂರಿಸುತ್ತಿದ್ದರು. ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು. ಕಡೆಯಲ್ಲಿ ದಾಸವಾಳದ ಸೊಪ್ಪನ್ನು ಕಿವುಚಿದ ಲೋಳೆಯನ್ನು ಸವರಿ, ಒಡನೆಯೇ ನೀರು ಹಾಕುತ್ತಿದ್ದರು. “ಎಣ್ಣೆಗೆ ಹೊತ್ತು ಬೇಕು, ಲೋಳೆಗೆ ಹೊತ್ತು ಬೇಡ” ಎನ್ನುತ್ತಿದ್ದಳು ಅಜ್ಜಿ. ನಾನು ಮೇಲೆ ಇಷ್ಟುದ್ದ ಹೇಳಿದ್ದು ಅಷ್ಟೇ. ಲೋಳೆ ಮೇಲ್ಮೈಯನ್ನು ನುಣುಪುಮಾಡಿ ಬಾಚಣಿಗೆಗೆ ದಾರಿ ಬಿಡಿಸುತ್ತದೆ; ಅದು ನಿತ್ಯದ ಲೇಪ. ಎಣ್ಣೆ ಹೊತ್ತು ತೆಗೆದುಕೊಂಡು ಒಳಗಿಳಿಯುತ್ತದೆ. ಅದು ವಾರದ ಲೇಪ.

ಎಣ್ಣೆ ಒಳಗಿಳಿಯುತ್ತದೆಂಬುದು ಬರಿಯ ನಂಬಿಕೆಯಲ್ಲ. 2003ರಲ್ಲಿ ಮುಂಬಯಿಯ ರೆಲೆ ಮತ್ತು ಮೊಹಿಲೆ ಎಂಬ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ ಪರೀಕ್ಷೆ ಮಾಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಗಣನೀಯವಾಗಿ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿ ಪ್ರಧಾನವಾಗಿರುವ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು. ಆದ್ದರಿಂದ ಎಳೆಯೊಳಗೆ ನುಸುಳುತ್ತದೆ. ಅವರಿಬ್ಬರೂ ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧನಾ ವಿಭಾಗದವರೇ ಎಂಬುದನ್ನೂ ಹೇಳಿಬಿಡಬೇಕು. ಓದುಗರು ಅದನ್ನೂ ತೂಗಿ ನೋಡಲಿ. ಆದರೂ ಅಜ್ಜಿಯ ಕಡೆಗೆ ಒಂದು ಸಾಕ್ಷಿಯಂತೂ ಸಿಕ್ಕಿತು.

ಇನ್ನು ನಮ್ಮ ಊರಿನದೇ ಎರಡು ತೊಂದರೆ. ಒಂದು ನೀರು. ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಗಣಿಯ ಊರಿಗೆ ನೀರು ಬರುತ್ತಿದ್ದ ಕಾಲವಿತ್ತು. ಆಮೇಲೆ ಕೊಳವೆಬಾವಿಯ ನೀರೂ ಟ್ಯಾಂಕರಿನ ನೀರೂ ಮನೆಮನೆಗೆ ಬಂದವು. ಕೋಲಾರದ ಆಳದ ನೀರು ಬಹುಕಡೆ ಗಡಸು. ಗಡಸು ನೀರಿನಲ್ಲಿ ಮೈಸೋಪಿನಿಂದ ತಲೆ ತೊಳೆದರೆ ನೊರೆ ಬರುವುದಿಲ್ಲ. ಸುಣ್ಣದಂಥ ಅಂಟು ಕೂದಲಿಗೆ ಕೂರುತ್ತದೆ. ಅದರ ಮೇಲೆ ಯಾವ ಡಬ್ಬಿಯ ಲೇಪ ಹಚ್ಚಿ ಏನು? ತಲೆಗೆ ಸೋಪನ್ನು ಬಿಟ್ಟು ಸೌಮ್ಯವಾದ ಶಾಂಪೂವನ್ನೋ ಸೀಗೆಯನ್ನೋ ಬಳಸಿ. ಕಡೆಯ ಒಂದು ಚೊಂಬು ಮಳೆನೀರೋ ಸಿಹಿನೀರೋ ಆದರೆ ಉತ್ತಮ. ಇಲ್ಲದಿದ್ದರೆ ಒಂದು ಚೊಂಬು ನೀರಿಗೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ ಸೋಸಿ ಹಾಕಿಕೊಂಡು, ಮತ್ತೆ ಸ್ವಲ್ಪ ನೀರಿನಲ್ಲಿ ತೊಳೆಯಿರಿ, ಅಂಟು ಬಿಡುತ್ತದೆ.

ಎರಡನೆಯದು ಧೂಳು. ಗಣಿಯಿಂದ ತೆಗೆದ ಕಲ್ಲನ್ನು ಹಿಟ್ಟುಮಾಡಿ ಚಿನ್ನ ಸೋಸಿದ ಮೇಲೆ ಉಳಿದ ಸೈನೈಡ್ ಗುಡ್ಡಗಳು ಊರ ಸುತ್ತ ಇನ್ನೂ ನಿಂತಿವೆ. ಮೂರು ಕೋಟಿ ಟನ್ನಿಗೂ ಮಿಕ್ಕ ಕಲ್ಲಿನ ಹಿಟ್ಟು. ಆಷಾಢದ ಗಾಳಿ ಎದ್ದರೆ ಅದು ಮನೆಯೊಳಗೂ ಬರುತ್ತದೆ, ಜಡೆಯೊಳಗೂ ಸೇರುತ್ತದೆ. ಇದಕ್ಕೆ ಮೊದಲ ಔಷಧ ತಲೆಗೊಂದು ಬಟ್ಟೆ. ಧೂಳು ಹೊಕ್ಕ ಕೂದಲನ್ನು ಒಣಗಿದ್ದಂತೆಯೇ ಉಜ್ಜಿ ಬಾಚಬೇಡಿ. ತೊಳೆದು, ನಿತ್ಯದ ಲೇಪ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ.

ಯಾರಿಗೆ ಯಾವುದು ಎಂಬುದನ್ನು ಈಗ ಸುಲಭವಾಗಿ ಹೇಳಬಹುದು. ಬಣ್ಣ ಹಾಕದ, ಕಾಯಿಸದ, ಆರೋಗ್ಯವಾದ ಕೂದಲಿಗೆ ತಲೆ ತೊಳೆದಾಗಲೆಲ್ಲ ನಿತ್ಯದ ಲೇಪ ಸಾಕು. ಬಣ್ಣ, ಬಿಸಿ ಇಕ್ಕುಳ, ಬಿಸಿಲಿಗೆ ಸಿಕ್ಕಿ ಒರಟಾದ ಕೂದಲಿಗೂ, ಬಹಳ ಗುಂಗುರಾದ ಕೂದಲಿಗೂ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಡಬ್ಬಿಯ ಲೇಪ ಹಿತ. ತೆಳುವಾದ, ಜಿಡ್ಡಿನ ಕೂದಲಿನವರು ದಿನವೂ ಮಂದ ಲೇಪ ಹಚ್ಚಿದರೆ ಕೂದಲು ಜೋತುಬೀಳುತ್ತದೆ. ನಮ್ಮ ಹುಡುಗಿಗೆ ಆದದ್ದು ಇದೇ. ಯಾವ ಲೇಪವಾದರೂ ಜಡೆಯ ನಡುವಿನಿಂದ ತುದಿಯವರೆಗೆ ಹಚ್ಚಬೇಕು, ನೆತ್ತಿಗಲ್ಲ. ಡಬ್ಬಿಗೆ ಹಣವಿಲ್ಲವೆಂದು ಕೊರಗಬೇಕಾಗಿಲ್ಲ. ಸೀಸೆಯ ಲೇಪವನ್ನೇ ಕೊಂಚ ಹೆಚ್ಚಾಗಿ ಹಚ್ಚಿ, ಬಿಸಿ ಟವಲು ಸುತ್ತಿ, ಹದಿನೈದು ನಿಮಿಷ ಬಿಟ್ಟರೆ ಬಹುಪಾಲು ಕೆಲಸ ಆಗುತ್ತದೆ. ತೊಳೆಯುವ ಹಿಂದಿನ ಗಂಟೆಯಲ್ಲಿ ಹಚ್ಚಿದ ಕೊಬ್ಬರಿ ಎಣ್ಣೆಯಂತೂ ಇದ್ದೇ ಇದೆ.

ಆದರೆ ಒಂದು ಮಾತನ್ನು ಮರೆಯಬೇಡಿ. ಸೀಳಿದ ತುದಿಯನ್ನು ಯಾವ ಲೇಪವೂ ಕೂಡಿಸಲಾರದು. ನಿರ್ಜೀವ ವಸ್ತುವಿಗೆ ಗಾಯ ಮಾಯುವುದಿಲ್ಲ. ಅದಕ್ಕೆ ಮದ್ದು ಕತ್ತರಿ. ಉದುರುವ ಕೂದಲನ್ನು ಯಾವ ಲೇಪವೂ ನಿಲ್ಲಿಸಲಾರದು. ಅದರ ಕಾರಣ ಬುಡದಲ್ಲಿದೆ, ಕೆಲವು ಸಲ ರಕ್ತದಲ್ಲಿದೆ.

ಆ ಭಾನುವಾರ ಹುಡುಗಿಯ ಬಾಚಣಿಗೆಯಲ್ಲಿದ್ದ ಕೂದಲನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆವು. ನೀವೂ ಹೀಗೆ ನೋಡಬಹುದು. ತುಂಡು ತುಂಡಾಗಿದ್ದು ಎರಡು ತುದಿಯೂ ಬರಿದಾಗಿದ್ದರೆ ಕೂದಲು ಮುರಿಯುತ್ತಿದೆ. ಅದಕ್ಕೆ ಲೇಪದಿಂದ ಸಹಾಯವುಂಟು. ಉದ್ದವಾಗಿದ್ದು ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿಯ ಗಂಟಿದ್ದರೆ ಅದು ಬುಡದಿಂದ ಬಂದದ್ದು. ದಿನಕ್ಕೆ ಐವತ್ತರಿಂದ ನೂರು ಹಾಗೆ ಉದುರುವುದು ಸಹಜ. ಅದಕ್ಕೂ ಮೀರಿದರೆ ಕಾರಣ ಹುಡುಕಬೇಕು. ಅವಳ ಕೂದಲಿನಲ್ಲೆಲ್ಲ ಬಿಳಿಯ ಗಂಟಿತ್ತು, ಹಿಡಿ ತುಂಬ ಇತ್ತು. ಕೇಳಿದರೆ, ಉದುರುವುದಕ್ಕೆ ಮೂರು ತಿಂಗಳ ಮುಂಚೆ ಡೆಂಗಿ ಜ್ವರ ಬಂದಿತ್ತಂತೆ. ದೊಡ್ಡ ಜ್ವರ, ಬಾಣಂತನ, ಇವುಗಳ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುವುದು ವೈದ್ಯರು ಬಲ್ಲ ಸಂಗತಿ. ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳಿಚಿತ್ತು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ನಸುಕಿನಲ್ಲಿ ಬರಿಹೊಟ್ಟೆಯಲ್ಲಿ ಗಾಡಿ ಹತ್ತುವ ಹುಡುಗಿಯಲ್ಲಿ ಅದು ಇದ್ದರೆ ಆಶ್ಚರ್ಯವೇನು? ಎರಡು ದಿನದ ಸಂಬಳ ಡಬ್ಬಿಗೆ ಹೋಗಿತ್ತು; ಹೊಟ್ಟೆಗೆ ಹೋಗಬೇಕಾಗಿತ್ತು.

ಮಾತ್ರೆ ನುಂಗಿದೊಡನೆ ಪವಾಡವಾಗಲಿಲ್ಲ. ಉದುರುವುದು ಮೆಲ್ಲಮೆಲ್ಲನೆ ಕಡಿಮೆಯಾಯಿತು. ಮದುವೆಯ ಹೊತ್ತಿಗೆ ಜಡೆ ಮೊದಲಿನಷ್ಟು ದಪ್ಪವಾಗಿರಲಿಲ್ಲ. ಆದರೆ ಹಣೆಯ ಮೇಲೆ ಪುಟ್ಟ ಹೊಸ ಕೂದಲು ಎದ್ದು ನಿಂತಿತ್ತು. ಹೂ ಮುಡಿಸುವಾಗ ಅದನ್ನು ತೋರಿಸಿ ಆಕೆ ನಕ್ಕಳು. ಅರ್ಧ ಉಳಿದ ಡಬ್ಬಿಯನ್ನು ತಾಯಿಗೆ ಕೊಟ್ಟು ಹೋದಳು. ತಾಯಿ ವಾರಕ್ಕೊಮ್ಮೆ, ಹದಿನೈದೇ ನಿಮಿಷ, ತಮ್ಮ ಬಣ್ಣ ಹಾಕಿದ ಕೂದಲಿಗೆ ಹಚ್ಚಿಕೊಳ್ಳುತ್ತಿದ್ದಾರೆ. ಆ ಡಬ್ಬಿ ಕೊನೆಗೂ ಅದು ಬೇಕಾದವರ ಕೈ ಸೇರಿತು.